ಎಮ್ಮೆಯ ಪಾಲಿನ ಮಾತು

ಇಡಗುಂದಿಯ ಹತ್ತಿರದ ನನ್ನ ಅಂಗನವಾಡಿಗೆ ಒಬ್ಬಳು ಗೌಳಿ ಹುಡುಗಿ ಬರುತ್ತಿದ್ದಳು. ಕಾಡಂಚಿನಲ್ಲಿ ಎಮ್ಮೆ ಸಾಕುವ ಆ ಜನರ ಮನೆಮಾತು ಮರಾಠಿಗೆ ಹತ್ತಿರ. ಮನೆಯಲ್ಲೂ ಮಕ್ಕಳ ಜೊತೆ ಕನ್ನಡವನ್ನೇ ಮಾತಾಡುವಂತೆ ತಾಯಂದಿರಿಗೆ ತಾಕೀತು ಮಾಡಿ ಎಂದು ಮೇಲ್ವಿಚಾರಕಿ ಹೇಳಿದ್ದರು. ನಾನು ಜೋರು ಮಾಡಿಯೇ ಹೇಳಿದೆ. ಹುಡುಗಿಯ ತಾಯಿ ತಲೆಯಾಡಿಸಿ ಹೋದರು.

ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಯಾವ ಭಾಷೆಯಲ್ಲೂ ತುಟಿ ಬಿಚ್ಚದಾದಳು. ಏನಾಯಿತೆಂದು ನೋಡಲು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ತಾಯಿ ಎಮ್ಮೆಯ ಮೈ ತಿಕ್ಕುತ್ತ ಅದರ ಜೊತೆ ತಮ್ಮ ಭಾಷೆಯಲ್ಲಿ ಬಾಯ್ತುಂಬ ಮಾತಾಡುತ್ತಿದ್ದರು. ಅದನ್ನು ಬೈದರು, ನಕ್ಕರು, ಏನೋ ಕೇಳಿದರು. ಆಮೇಲೆ ಮಗಳತ್ತ ತಿರುಗಿ ಕನ್ನಡದಲ್ಲಿ "ಬಾ, ಉಣ್ಣು" ಎಂದರು. ಅಷ್ಟೇ.

"ಮಗಳ ಹತ್ರ ಯಾಕೆ ಮಾತಾಡೂದಿಲ್ಲ?" ಎಂದೆ.

"ನೀವೇ ಹೇಳಿದ್ರಲ್ಲ ಅಕ್ಕೋರೇ, ಕನ್ನಡ ಮಾತಾಡು ಅಂತ. ನಂಗೆ ಬರೂದು ಇಷ್ಟೇ."

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. "ತಪ್ಪು ನಂದು. ನಾಳೆ ನೀವೇ ಬಂದು ಮಕ್ಕಳಿಗೆ ನಿಮ್ಮ ಭಾಷೇಲಿ ಕತೆ ಹೇಳಿ" ಎಂದೆ.

ಅವರು ಬಂದರು, ಆಮೇಲೆ ವಾರವಾರವೂ ಬಂದರು. ಒಂದು ದಿನ ಮೇಲ್ವಿಚಾರಕಿ ಬಾಗಿಲಲ್ಲೇ ನಿಂತು, "ಏನ್ರಿ ಇದು? ಕನ್ನಡ ಕಲಸ್ರಿ ಅಂದ್ರ ಇದೇನ್ ನಡಸೀರಿ?" ಎಂದು ರೇಗಿದರು. ಒಳಗೆ ಚಾಪೆಯ ಮೇಲೆ ಆ ಹುಡುಗಿ ತಾಯಿಯ ಕತೆಗೆ ಅಡ್ಡಬಾಯಿ ಹಾಕುತ್ತಿದ್ದಳು.

"ಕನ್ನಡ ನಾನು ಕಲಿಸ್ತೆ, ಅದು ನನ್ನ ಕೆಲಸ" ಎಂದೆ. "ಬೇಕಾದ್ರೆ ನೋಟೀಸ್ ಕೊಡಿ. ಅವರ ಮನೆ ಎಮ್ಮೆಗೆ ಸಿಗೋ ಮಾತು ಮಗಳಿಗೆ ಸಿಗಬಾರದಾ?"