ಎಡವಟ್ಟಾದ ಮನೆ ತೋರಿಸಿ

ನಮ್ಮತ್ತೆಯ ಕೈಗೆ ಯಾವ ಉಡುಪು ಕೊಟ್ಟರೂ ಮೊದಲು ಅದನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡುತ್ತಾಳೆ. ಬಣ್ಣ, ಗುಂಡಿ, ಕಸೂತಿ ಎಲ್ಲ ಆಮೇಲೆ. ಗಂಡನೊಬ್ಬನನ್ನು ಮಾತ್ರ ಹಾಗೆ ನೋಡದೆ ಕಟ್ಟಿಕೊಂಡೆ ಎಂದು ತಾನೇ ಹೇಳಿಕೊಂಡು ನಗುತ್ತಾಳೆ. ಆ ಸಂಸಾರ ಎರಡೇ ವರ್ಷಕ್ಕೆ ಸಾಕಾಗಿ, ಹೊಲಿಗೆ ಮೆಷಿನ್ನನ್ನು ಗಾಡಿಗೆ ಹಾಕಿಕೊಂಡು ಅಜ್ಜಿಯ ಮನೆಗೆ ವಾಪಸು ಬಂದವಳು ಅವಳು. ಅಜ್ಜಿ ಆ ಪುಟ್ಟ ಮನೆಯನ್ನು ಮಗಳ ಹೆಸರಿಗೇ ಬರೆದಿಟ್ಟಳು. ರಸ್ತೆ ಕಡೆಯ ಕೋಣೆ ಅಂಗಡಿಯಾಯಿತು, ಬಾಗಿಲ ಮೇಲೆ ಬೋರ್ಡು ಬಂತು. ಇಪ್ಪತ್ತೆರಡು ವರ್ಷದಿಂದ ಅವಳು ಯಾರ ಮುಂದೆಯೂ ಕೈ ಒಡ್ಡಿಲ್ಲ.

ಇದು ನನ್ನ ಅಪ್ಪನಿಗೆ ಇವತ್ತಿಗೂ ಅರಗಿಲ್ಲ. ಅಪ್ಪ ಅವಳ ಅಣ್ಣ. ಎರಡು ಬೀದಿ ಆಚೆ ನಮ್ಮ ಮನೆ. ತಂಗಿಗೆ ಏನೂ ತಿಳಿಯದು ಎಂಬುದು ಅಪ್ಪನ ಗಟ್ಟಿ ನಂಬಿಕೆ. ಅವಳ ಮನೆಯ ಬಲ್ಬು ಬದಲಾಯಿಸುವುದಕ್ಕೂ ಮೂಗು ತೂರಿಸುತ್ತಾನೆ.

ಹೋದ ಮಳೆಗಾಲದಲ್ಲಿ ಅಂಗಡಿಯ ತಗಡಿನ ಸೂರು ಕೈಕೊಟ್ಟಿತು. ತುಕ್ಕು ಹಿಡಿದ ಮೊಳೆಯ ಸುತ್ತ ನೀರು ಇಳಿದು, ವಕೀಲರೊಬ್ಬರ ಹೊಸ ಬಿಳಿ ಷರಟಿನ ಮೇಲೆ ಅಂಗೈಯಗಲ ಕಂದು ಕಲೆ. ಅತ್ತೆ ತನ್ನ ದುಡ್ಡಿನಲ್ಲೇ ಬಟ್ಟೆ ತಂದು ಬೇರೆ ಹೊಲಿದುಕೊಟ್ಟಳು. ಆದರೂ ಸುದ್ದಿ ಹಬ್ಬಿತು. "ನಿಮ್ಮತ್ರ ಬಟ್ಟೆ ಕೊಡೋಕೇ ಭಯ ಆಗತ್ತಮ್ಮ" ಎಂದು ಹಳೆಯ ಗಿರಾಕಿಗಳೇ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಇನ್ನೊಂದು ಮಳೆಗಾಲ ಹೀಗೇ ಕಳೆದರೆ ಅಂಗಡಿ ಇರುತ್ತಿರಲಿಲ್ಲ. ಕೂಡಿಟ್ಟದ್ದನ್ನೆಲ್ಲ ತೆಗೆದು ಗೋಡೆ ಎತ್ತರಿಸಿ, ಹೊಸ ಸೂರು ಹಾಕಿಸಲು ಹೊರಟಳು.

ಅಪ್ಪ ಮಾರನೇ ದಿನವೇ ತನ್ನ ಗೆಳೆಯನನ್ನು ಕರೆದುಕೊಂಡು ಬಂದ. ನಮ್ಮ ಮನೆ ಕಟ್ಟಿದ್ದ ಕಂಟ್ರಾಕ್ಟರು. ಇಸ್ತ್ರಿ ಮುರಿಯದ ಪ್ಯಾಂಟು, ಎರಡು ಫೋನು. ಒಂದರಲ್ಲಿ ಮನೆಗಳ ಫೋಟೊ ಸರಸರ ಸರಿಸಿ ತೋರಿಸಿದ. ಅತ್ತೆ ಎಲ್ಲವನ್ನೂ ನೋಡಿದಳು. ಆಮೇಲೆ ಕೇಳಿದಳು:

"ಚೆನ್ನಾಗಿವೆ. ನಿಮ್ಮ ಕೆಲಸ ಎಡವಟ್ಟಾದ ಮನೆ ಒಂದಿದ್ರೆ ತೋರಿಸಿ."

ಅವನು ಅಪ್ಪನ ಮುಖ ನೋಡಿದ. "ನನ್ನ ಕೆಲಸದಲ್ಲಿ ಕಂಪ್ಲೇಂಟ್ ಅನ್ನೋದೇ ಇಲ್ಲ ಮೇಡಂ."

"ಹಾಗಾದ್ರೆ ನಮಗೆ ಆಗಿಬರಲ್ಲ ಬಿಡಿ" ಎಂದು ಅತ್ತೆ ಕತ್ತರಿ ಎತ್ತಿಕೊಂಡಳು.

ಅಪ್ಪ ಬೀದಿಗೆ ಕೇಳುವಂತೆ ಕೂಗಾಡಿದ. ನಮ್ಮ ಮನೆಯ ಮೆಟ್ಟಿಲ ಕೆಳಗೆ ಎರಡು ವರ್ಷದಿಂದ ಒಂದು ಬಕೆಟ್ ಇದೆ. ಮಳೆ ಬಂದರೆ ಅದು ತುಂಬುತ್ತದೆ. ಆ ಗೆಳೆಯ "ನಾಳೆ ಬರ್ತೀನಿ" ಎಂದದ್ದಕ್ಕೆ ಲೆಕ್ಕವೇ ಇಲ್ಲ. ಇದನ್ನು ನಾನು ಅಪ್ಪನ ಎದುರಿಗೆ ಬಾಯಿಬಿಟ್ಟಿದ್ದರೆ ಮನೆಯಲ್ಲಿ ನನಗೆ ಊಟ ಸಿಗುತ್ತಿರಲಿಲ್ಲ.

ಅತ್ತೆಯೇ ಕರೆಸಿದ ಎರಡನೆಯ ಕಂಟ್ರಾಕ್ಟರು ಒಳಗೆ ಕಾಲಿಡುತ್ತಲೇ "ಯಜಮಾನರು ಇಲ್ವಾ?" ಎಂದ. "ನಿಮ್ಮೆದುರಿಗೇ ನಿಂತಿದಾರಲ್ಲ" ಎಂದಳು ಅತ್ತೆ. ಅವನು ಚಪ್ಪಲಿ ಹಾಕಿಕೊಂಡು ಹೋದದ್ದು ಹೋದದ್ದೇ.

ನನಗೂ ತಲೆ ಕೆಟ್ಟಿತು. "ತಪ್ಪು ಮಾಡಿದೀನಿ ಅಂತ ಯಾರು ಒಪ್ಕೋತಾರೆ ಅತ್ತೆ?"

"ನಾನು ಒಪ್ಕೊಳ್ಳಲ್ವಾ? ಪ್ರತಿಯೊಬ್ಬರಿಗೂ ಹೇಳ್ತೀನಿ, ತೊಟ್ಟು ನೋಡಿ, ಬಿಗಿಯಾದ್ರೆ ತನ್ನಿ ಅಂತ. ಇಪ್ಪತ್ತೆರಡು ವರ್ಷ ಆಲ್ಟರೇಷನ್ ಮಾಡದ ದರ್ಜಿ ಇದ್ರೆ ಒಂದೋ ಅವನು ಸುಳ್ಳ, ಇಲ್ಲ ಅವನತ್ರ ಯಾರೂ ಎರಡನೇ ಸಲ ಹೋಗಿಲ್ಲ ಕಣೇ."

ಮೂರನೆಯವನು ಸೈಕಲ್ಲಿನಲ್ಲಿ ಬಂದ. ಸಣಕಲ, ಮಾತು ಕಮ್ಮಿ. ಅರ್ಧ ತಾಸು ಸೂರಿನ ಮೇಲೇ ಇದ್ದು, ತುಕ್ಕಿನ ಕೈ ಒರೆಸಿಕೊಳ್ಳುತ್ತ ಇಳಿದ. ಅತ್ತೆ ಅದೇ ಪ್ರಶ್ನೆ ಕೇಳಿದಳು. ಅವನು ಕಿವಿ ಕೆರೆದುಕೊಂಡ.

"ಮೂರು ಮನೆ ಇದಾವಮ್ಮ. ಯಾವುದು ತೋರಿಸ್ಲಿ?"

ಅತ್ತೆಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಆವತ್ತೇ ಒಂದು ಮನೆಗೆ ಹೋದೆವು. ಬಾಗಿಲು ತೆರೆದ ಮುದುಕಿ ಅವನನ್ನು ಕಂಡದ್ದೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇವನಾ? ಸೋರ್ತು, ಬೈದೆ, ಬಂದ. ಮತ್ತೆ ಸೋರ್ತು, ಮತ್ತೆ ಬೈದೆ, ಮತ್ತೆ ಬಂದ. ಈಗ ಬೈಯೋಕೆ ನೆಪವೇ ಇಲ್ಲ, ಸೋರೋದೇ ಇಲ್ಲ." ಅತ್ತೆ ಒಳಗೆ ಹೋಗಿ ಸೂರಿನ ಕೆಳಭಾಗ, ಮೂಲೆ, ಗೋಡೆಯ ಅಂಚು ಎಲ್ಲ ಬೆರಳಾಡಿಸಿ ನೋಡಿದಳು. ಕೆಲಸ ಅವನಿಗೇ ಕೊಟ್ಟಳು.

ಅಪ್ಪ ಕೆಂಡವಾದ. "ತಪ್ಪು ಮಾಡಿದೀನಿ ಅಂತ ಅವನೇ ಹೇಳ್ತಿದಾನೆ, ಅವನ ಕೈಗೆ ಕೊಡ್ತೀಯಲ್ಲ! ಕೇಳು, ಒಂದೇ ಒಂದು ಹನಿ ಒಳಗೆ ಬಿದ್ರೂ ಆ ಬೋರ್ಡು ಇಳಿಸಿ, ಬಾಗಿಲಿಗೆ ಬೀಗ ಹಾಕಿ ನಮ್ಮನೆಗೆ ಬರಬೇಕು. ನಿನ್ನ ಹತ್ರ ಇನ್ನೊಂದು ಸೂರಿಗೆ ದುಡ್ಡಿಲ್ಲ."

ದುಡ್ಡಿಲ್ಲದ್ದು ನಿಜವೇ. "ನೋಡೋಣ" ಎಂದಳು ಅತ್ತೆ.

ಕೆಲಸ ಮುಗಿದ ಒಂಬತ್ತನೇ ದಿನ, ಮಧ್ಯಾಹ್ನ, ಆಕಾಶವೇ ಕಿತ್ತು ಬಂದಂತೆ ಮಳೆ ಸುರಿಯಿತು. ಅತ್ತೆ ಬೇರೆಯವರ ಬಟ್ಟೆಯನ್ನೆಲ್ಲ ಬೀರುವಿಗೆ ಸೇರಿಸಿ, ನೆಲದ ತುಂಬ ಬಿಳಿ ಲೈನಿಂಗ್ ಬಟ್ಟೆ ಹಾಸಿದಳು. ಒಂದು ಚುಕ್ಕೆ ಬಿದ್ದರೂ ಗೊತ್ತಾಗಬೇಕು ಎಂದು. ಅಪ್ಪ ಕೊಡೆ ಹಿಡಿದು ಹಾಜರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಮೂಲೆಯಲ್ಲಿ ಟಪ್ ಎಂದಿತು. ಬಿಳಿ ಬಟ್ಟೆಯ ಮೇಲೆ ನಾಣ್ಯದಷ್ಟು ಒದ್ದೆ.

ಅಪ್ಪ ಕೊಡೆಯ ತುದಿಯಿಂದ ಆ ಒದ್ದೆಯನ್ನು ತೋರಿಸಿದ. "ಇಳಿಸು ಬೋರ್ಡು."

ಅತ್ತೆ ಬಗ್ಗಿ, ಗುರುತು ಹಾಕುವ ಸೀಮೆಸುಣ್ಣದಿಂದ ಕಲೆಯ ಸುತ್ತ ಗೆರೆ ಎಳೆದಳು.

"ಇಳಿಸಲ್ಲ. ಸೋರಿದಾಗ ಬರೋನು ಬೇಕು ಅಂತಾನೇ ನಾನು ಅಷ್ಟು ಹುಡುಕಿದ್ದು. ನಾನು ಸೂರು ಹಾಕಿದವರಿಗೆ ಫೋನ್ ಮಾಡ್ತೀನಿ. ನೀನು ನಿನ್ನ ಗೆಳೆಯನಿಗೆ ಮಾಡು, ನಿಮ್ಮನೆ ಬಕೆಟ್ ತುಂಬಿದೆ ಅಂತ ಹೇಳು. ಯಾರು ಬರ್ತಾರೋ ನೋಡೇಬಿಡೋಣ."

ಬಕೆಟ್ಟಿನ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಎಂಬಂತೆ ಅಪ್ಪ ನನ್ನತ್ತ ಕಣ್ಣು ಕೆಕ್ಕರಿಸಿದ. ನಾನು ದಾರದ ಉಂಡೆಗಳನ್ನು ಎಣಿಸತೊಡಗಿದೆ. ಅತ್ತೆಯ ಫೋನನ್ನು ಸೈಕಲ್ಲಿನವನು ಮೊದಲ ರಿಂಗಿಗೇ ಎತ್ತಿದ. ಅಪ್ಪನೂ ಹಟಕ್ಕೆ ಬಿದ್ದು ಗೆಳೆಯನಿಗೆ ಫೋನು ಮಾಡಿದ. ಮೊದಲ ಸಲ ರಿಂಗಾಗಿ ನಿಂತಿತು. ಎರಡನೇ ಸಲ ಅತ್ತ ಕಡೆಯವನು ಕಟ್ ಮಾಡಿದ. ಮೂರನೇ ಸಲ ಸ್ವಿಚ್ ಆಫ್.

ಅರ್ಧ ಗಂಟೆಯೂ ಆಗಿರಲಿಲ್ಲ, ಹೊರಗೆ ಸೈಕಲ್ ನಿಂತ ಸದ್ದು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಮೈಯೆಲ್ಲ ತೊಯ್ದು ತೊಪ್ಪೆಯಾಗಿ ಅವನು ಒಳಗೆ ಬಂದ. ಸೀಮೆಸುಣ್ಣದ ಗೆರೆ ನೋಡಿದ, ನೇರ ಮೇಲೆ ನೋಡಿದ.

"ಸೂರು ಗೋಡೆ ಸೇರೋ ಕಡೆ ನೀರು ತಡೆಯೋ ಪಟ್ಟಿ ಒಂದು ಗೇಣು ಹಾಕೋದು ಬಿಟ್ಟಿದೀನಿ. ನನ್ನದೇ ತಪ್ಪಮ್ಮ. ಬೈಯೋದಿದ್ರೆ ಈಗಲೇ ಬೈದ್ಬಿಡಿ, ಆಮೇಲೆ ಕೆಲಸ ಮಾಡ್ತೀನಿ."

"ಮೊದಲು ಕೆಲಸ" ಎಂದಳು ಅತ್ತೆ.

ಮಳೆ ಸಣ್ಣಗಾಗುವ ತನಕ ಕಾದು, ಅವನು ಏಣಿಯನ್ನು ಗೋಡೆಗೆ ಒರಗಿಸಿದ. ನೆಲ ಜಾರುತ್ತಿತ್ತು. ಹಿಂತಿರುಗಿ, ಫೋನು ಹಿಡಿದು ನಿಂತಿದ್ದ ಅಪ್ಪನಿಗೆ "ಸಾರ್, ಸ್ವಲ್ಪ ಹಿಡ್ಕೋತೀರಾ?" ಎಂದ. ಅಪ್ಪ ಫೋನನ್ನು ಜೇಬಿಗೆ ಹಾಕಿದ. ಕೊಡೆ ಮಡಚಿ ಬಾಗಿಲಿಗೆ ಒರಗಿಸಿದ. ತುಂತುರಿನಲ್ಲಿ ನೆನೆಯುತ್ತ ಎರಡೂ ಕೈಯಿಂದ ಏಣಿ ಹಿಡಿದುಕೊಂಡ.

ಅತ್ತೆ ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು.

"ಗಟ್ಟಿಯಾಗಿ ಹಿಡ್ಕೋ ಅಣ್ಣಾ" ಎಂದು ಒಳಗಿನಿಂದಲೇ ಕೂಗಿದಳು. "ನಾಳೆ ಅವರು ನಿಮ್ಮನೆಗೂ ಬರಬೇಕು."