ಟಾರ್ನೀಟ್‌ನ ಡೇರೆ

ನನ್ನ ಗಂಟಲಿನಲ್ಲಿ ಹತ್ತು ಹದಿನೈದು ಮಂದಿ ಬಾಡಿಗೆಗಿದ್ದಾರೆ. ಉಡುಪಿ ಬಸ್ಸಿನ ಕಂಡಕ್ಟರ್, ಮೆಲ್ಬರ್ನ್ ಟ್ರಾಮಿನಲ್ಲಿ ಸ್ಟಾಪ್ ಹೇಳುವ ಹೆಂಗಸು, ಈ ತಿಂಗಳು ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಬಂದೇ ಬರುತ್ತದೆಂದು ಎರಡು ವರ್ಷ ಆಣೆ ಹಾಕಿದ ಏಜೆಂಟ್, ಫೋನಿನಲ್ಲಿ ಮಾತ್ರ ಕಿರುಚುವ ನನ್ನ ಅಮ್ಮ. ಕರೆದರೆ ಎಲ್ಲರೂ ಹೊರಗೆ ಬರುತ್ತಾರೆ. ಮನೆಯ ಯಜಮಾನನಾದ ನನ್ನನ್ನು ಕರೆದರೆ ಮಾತ್ರ ಒಳಗಿನಿಂದ ಉತ್ತರವಿಲ್ಲ.

ಈ ಅನುಕರಣೆಯ ವಿದ್ಯೆಯಿಂದಲೇ ನಾನು ಒಬ್ಬರನ್ನು ಕಳೆದುಕೊಂಡೆ.

ಅವರು ಮೆಲ್ಬರ್ನಿನ ಹೊರವಲಯ ಟಾರ್ನೀಟ್‌ನಲ್ಲಿರುವ ನಮ್ಮ ಕಡೆಯ ಅಂಕಲ್. ವಾರವಿಡೀ ಗೋದಾಮಿನಲ್ಲಿ ಸೂಪರ್‌ವೈಸರ್, ಭಾನುವಾರ ತಾಳಮದ್ದಳೆಯಲ್ಲಿ ಚಕ್ರವರ್ತಿ. ಯಕ್ಷಗಾನದ ಹಾಗೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕುರ್ಚಿಯಲ್ಲಿ ಕೂತು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಯುದ್ಧ ಗೆಲ್ಲಬೇಕು. ಸ್ಟೂಡೆಂಟ್ ವೀಸಾದಲ್ಲಿ ಬಂದಿದ್ದ ನನ್ನನ್ನು ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದವರು ಅವರೇ.

"ಬೇರೆಯವರ ದನಿ ಸಾಕು ಮಾರಾಯ. ನಿನ್ನದೆಲ್ಲಿ ಉಂಟು? ಊರಲ್ಲೇ ಬಿಟ್ಟು ಬಂದ್ಯಾ?"

"ಲಗೇಜ್ ಜಾಸ್ತಿ ಆಯ್ತು ಅಂಕಲ್."

ಎದುರಾಳಿ ಗಟ್ಟಿ ಪ್ರಶ್ನೆ ಹಾಕಿದರೆ ಅವರದೊಂದು ರೀತಿ ಇತ್ತು. ಸಣ್ಣಗೆ ಕೆಮ್ಮಿ, ಶಾಲನ್ನು ಎಡಹೆಗಲಿಗೆ ಎಳೆದುಕೊಂಡು, "ಹಾಗೋ?" ಎಂದು ಸುಮ್ಮನಾಗುವುದು. ಆ ಮೌನ ಬರಬರುತ್ತ ಉದ್ದವಾಗುತ್ತಿತ್ತು. ಒಂದು ಚೌತಿಯ ಕಾರ್ಯಕ್ರಮದ ನಡುವಿನ ಬಿಡುವಿನಲ್ಲಿ ಐದು ನಿಮಿಷ ಮೈಕು ಖಾಲಿ ಬಿದ್ದಿತ್ತು. ಖಾಲಿ ಮೈಕು ಕಂಡರೆ ನನಗೆ ತುರಿಕೆ. ಅಂಕಲ್‌ರನ್ನು ಮಾಡಿ ತೋರಿಸಿದೆ. ಕೆಮ್ಮು, ಶಾಲು, "ಹಾಗೋ?", ಆಮೇಲೆ ಮೌನ, ಮತ್ತೂ ಮೌನ, ಕೊನೆಗೆ ಗೊರಕೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಕಲ್ ಶಾಲು ಮಡಚಿ ಚೀಲಕ್ಕೆ ಹಾಕಿ ಕಾರಿನ ಕಡೆ ನಡೆದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ತಾಳಮದ್ದಳೆಯ ಕುರ್ಚಿಯಲ್ಲೂ ಅವರು ಕೂರಲಿಲ್ಲ.

ನಮ್ಮ ಕೂಟದ ಭಾಗವತರು ಹಲ್ಲಿನ ಡಾಕ್ಟರ್ ಆಂಟಿ. ಮರುದಿನ ಫೋನ್ ಮಾಡಿದರು.

"ನಿಂಗೆ ಗೊತ್ತುಂಟಾ, ಅವರಿಗೆ ಈಗೀಗ ಶಬ್ದ ಮರೀತದೆ. ನಾಲಿಗೆ ತುದಿಗೆ ಬಂದದ್ದು ಹೊರಗೆ ಬರುದಿಲ್ಲ. ಅದನ್ನು ಮುಚ್ಚಲಿಕ್ಕೆ ಆ ಕೆಮ್ಮು, ಆ ಶಾಲು. ನೀನು ಮೈಕಲ್ಲಿ ಊರಿಗೆಲ್ಲ ಸಾರಿಬಿಟ್ಟೆ."

ನನ್ನ ಗಂಟಲಿನ ಆ ಹದಿನೈದು ಮಂದಿಯಲ್ಲಿ ಒಬ್ಬರೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಟಾರ್ನೀಟ್‌ಗೆ ಮೂರು ಸಲ ಹೋದೆ. ಮೂರು ಸಲವೂ ಕಾರು ಹೊರಗಿತ್ತು, ಬಾಗಿಲು ಮುಚ್ಚಿತ್ತು. ಆಮೇಲೆ ಕೆಲಸದ ನೆಪದಲ್ಲಿ ಸಿಡ್ನಿಯ ಎಪ್ಪಿಂಗ್‌ಗೆ ಓಡಿದೆ.

ಆದರೆ ಹೀಗೆ ಮುಚ್ಚಿದ ಬಾಗಿಲೊಂದರ ಕಥೆ ನನಗೆ ಮೊದಲೇ ಗೊತ್ತಿತ್ತು. ಹೇಳಿದವರು ಗ್ರೀಕ್ ಅಜ್ಜ. ಮೆಲ್ಬರ್ನಿಗೆ ಬಂದ ಹೊಸದರಲ್ಲಿ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ; ನನ್ನ ನೆನಪಿನಲ್ಲಿ ಮಾತ್ರ ಅವರು ನಮ್ಮೂರಿನ ಕನ್ನಡವನ್ನೇ ಆಡುತ್ತಾರೆ. ಎರಡು ಸೂಟ್‌ಕೇಸ್ ಹಿಡಿದು ನಿಂತವನನ್ನು ಹೆಸರೂ ಕೇಳದೆ ಒಳಗೆ ಕರೆದು, ರೊಟ್ಟಿ, ಆಲಿವ್ ಮುಂದಿಟ್ಟಿದ್ದರು.

"ಮೊದಲು ತಿನ್ನು. ಯಾರು ಅಂತ ಆಮೇಲೆ ಕೇಳುವ. ನಮ್ಮ ದೇವರುಗಳು ದಾರಿಹೋಕರ ವೇಷದಲ್ಲಿ ಬರ್ತಾರೆ. ನೀನೂ ಇರಬಹುದು."

"ದೇವರಾದ್ರೆ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಎರಡು ಸಲ ಬರೀಬೇಕಿತ್ತಾ ಅಜ್ಜ?"

ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆಂದು ಹೇಳಿದೆ. ಅವರು ತಲೆದೂಗಿದರು. ಆ ಬೇಸಿಗೆಯ ಸಂಜೆಗಳೆಲ್ಲ ಅವರ ದ್ರಾಕ್ಷಿ ಚಪ್ಪರದ ಕೆಳಗೆ ಕಳೆದವು. ಎಲೆಗಳ ನಡುವಿನಿಂದ ಬೆಳಕು ಜೇನಿನ ಹಾಗೆ ಇಳಿಯುತ್ತಿತ್ತು. ಹಿಂದಿನ ಬೀದಿಯ ಟ್ರಾಮು ದೂರದ ರಥದಂತೆ ಸದ್ದು ಮಾಡುತ್ತಿತ್ತು. ಅಜ್ಜನ ಕಥೆಯ ದೇವರುಗಳು ಶನಿವಾರ ಫುಟಿ ಮ್ಯಾಚು ನೋಡುವವರಂತೆ ಬೆಟ್ಟದ ಮೇಲೆ ಕೂತು, ಕೆಳಗಿನ ಮನುಷ್ಯರ ಯುದ್ಧದಲ್ಲಿ ಆಚೆ ಕಡೆ, ಈಚೆ ಕಡೆ ಎಂದು ಪಾರ್ಟಿ ಕಟ್ಟುತ್ತಿದ್ದರು. ದೇವರಾಜನಿಗೆ ನಿದ್ದೆ ಬರಿಸಿ ಅವನ ಹೆಂಡತಿ ಯುದ್ಧದ ದಿಕ್ಕು ತಿರುಗಿಸುತ್ತಿದ್ದಳು.

"ಅವರಿಗೆ ಧೈರ್ಯ ಇಲ್ಲ," ಅಜ್ಜ ಹೇಳುತ್ತಿದ್ದರು. "ಸಾಯದವನಿಗೆ ಎಂಥ ಧೈರ್ಯ? ಕಳಕೊಳ್ಳಲಿಕ್ಕೆ ಎಂತ ಉಂಟು ಅವನ ಹತ್ರ? ವೀರ ಅಂದ್ರೆ ಸಾಯುವವನೇ ಆಗಬೇಕು."

ಅಂಥ ವೀರನೊಬ್ಬನನ್ನು ತುಂಬಿದ ಸಭೆಯಲ್ಲಿ ಅವಮಾನ ಮಾಡುತ್ತಾರೆ. ಅವನು ಕಡಲ ದಂಡೆಯ ಡೇರೆಯೊಳಗೆ ಹೋಗಿ ಕೂರುತ್ತಾನೆ. ಕಾಣಿಕೆ ಹೊತ್ತು ಹಿರಿಯರು ಬಂದರೂ ಏಳುವುದಿಲ್ಲ. ಅವನ ರಕ್ಷಾಕವಚ ತೊಟ್ಟು ಯುದ್ಧಕ್ಕೆ ಹೋದ ಗೆಳೆಯ ಸತ್ತ ಮೇಲೆ ಎದ್ದು, ಗೆಳೆಯನನ್ನು ಕೊಂದ ರಾಜಕುಮಾರನನ್ನು ಕೊಲ್ಲುತ್ತಾನೆ, ಹೆಣವನ್ನೂ ಬಿಟ್ಟುಕೊಡುವುದಿಲ್ಲ. ಆಗ ಸತ್ತವನ ತಂದೆ, ಮುದುಕ ರಾಜ, ಶತ್ರುವಿನ ಡೇರೆಗೇ ಬಂದು ಅವನ ಮೊಣಕಾಲು ಹಿಡಿದು, ಮಗನನ್ನು ಕೊಂದ ಕೈಗೆ ಮುತ್ತಿಡುತ್ತಾನೆ. ಇಬ್ಬರೂ ಜೋರಾಗಿ ಅಳುತ್ತಾರೆ. ಅತ್ತು ಮುಗಿದ ಮೇಲೆ ಕೂತು ಊಟ ಮಾಡುತ್ತಾರೆ. "ಅಳುವುದು ಅವರಲ್ಲಿ ನಾಚಿಕೆ ಅಲ್ಲ," ಎಂದು ಅಜ್ಜ ಕಣ್ಣೊರೆಸಿಕೊಂಡರೆ, ನಾನು ಅವರ ಮೂಗು ಸೀಟುವುದನ್ನೂ ಮಾಡಿ ತೋರಿಸುತ್ತಿದ್ದೆ. ನಾನು ಎಂಥ ಪ್ರಾಣಿ, ನೋಡಿ.

ಎಪ್ಪಿಂಗ್‌ಗೆ ಬಂದು ಎರಡನೆಯ ವರ್ಷ ಆಂಟಿಯ ಫೋನು ಬಂತು.

"ನೀನು ಹೇಳ್ತಿದ್ದ ಗ್ರೀಕ್ ಕಥೆಗೆ ಪದ ಕಟ್ಟಿದ್ದೇನೆ. ನೀನು ಮುದುಕ ರಾಜ."

"ವೀರ ಯಾರು ಆಂಟಿ?"

"ಡೇರೆಯಲ್ಲಿ ಯಾರು ಕೂತಿದ್ದಾರೋ ಅವರೇ."

"ಒಪ್ಪಿದ್ರಾ? ಎದುರಿಗೆ ನಾನು ಅಂತ ಹೇಳಿದ್ರಾ?"

"ಹೇಳಿದೆ. 'ಹಾಗೋ?' ಅಂದ್ರು. ಆಮೇಲೆ ಮಾತಿಲ್ಲ. ನಾನದನ್ನು ಹೌದು ಅಂತ ತಿಳ್ಕೊಂಡೆ. ಇದೊಂದು ಸಲ ನಡೀದಿದ್ರೆ ಅವರು ಇನ್ನು ಕೂರುದಿಲ್ಲ ಮಾರಾಯ."

ವಿಮಾನ ಬಿಟ್ಟು ಹಗಲಿನ ರೈಲು ಹತ್ತಿದೆ. ಹನ್ನೊಂದು ಗಂಟೆಯ ದಾರಿ. ಅಷ್ಟು ನಿಧಾನ ನನಗೆ ಬೇಕಿತ್ತು. ಕಿಟಕಿಯಾಚೆ ಒಣಹುಲ್ಲಿನ ಬಯಲು ಸಮುದ್ರದಂತೆ ಏಳುತ್ತಿತ್ತು, ಕುರಿಗಳು ನೊರೆಯಂತೆ ತೇಲುತ್ತಿದ್ದವು. ಅರ್ಧ ನಿದ್ದೆಯಲ್ಲಿ ಎದುರಿನ ಸೀಟುಗಳ ತುಂಬ ದೇವರುಗಳು ಕೂತಿದ್ದರು. ಒಬ್ಬಾಕೆ ನನ್ನ ಪರ. ಗಡ್ಡದವನೊಬ್ಬ ಅಂಕಲ್ ಪರ. ಕೆಫೆ ಬೋಗಿಯ, ಮಾಂಸ ತುಂಬಿದ ಬಿಸಿ ಪೈ ತಿನ್ನುತ್ತ ನನ್ನನ್ನು ನೋಡಿ ನಗುತ್ತಿದ್ದರು. ಇಳಿಯುವಾಗ ನೋಡಿದರೆ ಸೀಟುಗಳು ಖಾಲಿ, ಒಂದು ಪೈ ಕವರ್ ಮಾತ್ರ ಬಿದ್ದಿತ್ತು.

ಮರುದಿನ ಸಂಜೆ ಹಾಲ್‌ನಲ್ಲಿ ಎಪ್ಪತ್ತು ಎಂಬತ್ತು ಜನ. ಅಂದು ನಕ್ಕವರೆಲ್ಲ ಇದ್ದರು. ಮೊದಲ ಸಾಲಿನಲ್ಲಿ ಗ್ರೀಕ್ ಅಜ್ಜ, ಕೋಟು ತೊಟ್ಟು. ಅಂಕಲ್ ನನ್ನತ್ತ ನೋಡದೆ ಬಂದು ಕೂತರು. ಚೆಂಡೆ ನಿಂತಿತು, ಆಂಟಿ ಪದ ಮುಗಿಸಿದರು.

"ಯಾರು ನೀನು, ಮುದುಕ? ಕಾವಲಿನವರ ಕಣ್ಣಿಗೆ ಮಣ್ಣೆರಚಿ ಕೊಲೆಗಾರನ ಬಾಗಿಲಿಗೆ ಬಂದ ನಿನ್ನದು ಧೈರ್ಯವೋ, ಬದುಕು ಸಾಕಾದವನ ಮೊಂಡುತನವೋ?"

ಅಂಕಲ್‌ರ ಅದೇ ಕಂಠ.

"ಕಳೆದುಕೊಂಡವನಿಗೆ ಎರಡೂ ಒಂದೇ," ಎಂದೆ. "ಮಗನ ದೇಹ ಬೇಡಲು ಬಂದೆ."

"ನಿನ್ನ ಮಗನೋ? ಅವನು ಕೊಂದದ್ದು ಯಾರನ್ನು, ಗೊತ್ತೇ? ನನ್ನ ಪ್ರಾಣದ..."

ಮಾತು ನಿಂತಿತು. ಕೆಮ್ಮು. ಶಾಲು ಎಡಹೆಗಲಿಗೆ ಹೋಯಿತು. ಮೌನ ಬೆಳೆಯಿತು. ಯಾರೂ ನಗಲಿಲ್ಲ, ಅದೇ ಹೆಚ್ಚು ಭಯಂಕರ. ಹಿಂದೆ ಯಾರದೋ ಕುರ್ಚಿ ಕಿರ್ರೆಂದಿತು. ಎದುರಾಳಿ ತಡವರಿಸಿದಾಗ ನುಗ್ಗಿ ಗೆಲ್ಲುವುದು ಈ ಆಟದ ರೀತಿ. ಅವರದೇ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿ ನಿಂತು, ಉಳಿದದ್ದನ್ನು ಹೇಳಲೇ ಎಂದು ಕೇಳುತ್ತಿತ್ತು. ಅಂಕಲ್ ನನ್ನನ್ನು ನೋಡಿದರು. ಎರಡು ವರ್ಷಗಳಲ್ಲಿ ಮೊದಲ ಸಲ. ಆ ಕಣ್ಣಿನಲ್ಲಿ ಇದ್ದದ್ದು ಹೆದರಿಕೆ.

ನಾನು ಕುರ್ಚಿಯಿಂದಿಳಿದು ನೆಲದ ಮೇಲೆ ಕೂತೆ. ಅವರ ಮೊಣಕಾಲು ಹಿಡಿದೆ.

"ಅವಸರವಿಲ್ಲ, ವೀರ. ಸತ್ತ ಗೆಳೆಯನನ್ನು ಹೆಸರಿಸಲು ನಾಲಿಗೆ ಏಳದಿದ್ದರೆ ಅದು ಸೋಲಲ್ಲ. ನಿನಗೆ ಆ ನೋವು ಕೊಟ್ಟವನು ನನ್ನ ಮನೆಯಿಂದಲೇ ಬಂದವನು. ಆ ತಪ್ಪು ನನ್ನ ತಲೆಯ ಮೇಲಿದೆ. ನಿನಗೆ ಮಾತು ಸಿಗುವವರೆಗೆ ನಾನು ಇಲ್ಲೇ ಕೂತಿರುತ್ತೇನೆ."

ಆ ದನಿ ಯಾರದೆಂದು ನನಗೇ ತಿಳಿಯಲಿಲ್ಲ. ಸ್ವಲ್ಪ ತೆಳು, ಸ್ವಲ್ಪ ಮೂಗಿನದು, ಅನುಕರಿಸಲು ಏನೂ ಇಲ್ಲದ್ದು.

ನನ್ನ ತಲೆಯ ಮೇಲೆ ಒಂದು ಕೈ ಬಂತು. ತುಂಬ ಹೊತ್ತಾದ ಮೇಲೆ ಅಂಕಲ್ ಹೇಳಿದರು, "ಗೆಳೆಯ. ನನ್ನ ಪ್ರಾಣದ ಗೆಳೆಯ." ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಏಳು ಮುದುಕ. ನೀನು ಊಟ ಮಾಡಿಲ್ಲ."

ಮೊದಲ ಸಾಲಿನಿಂದ ಮೂಗು ಸೀಟಿದ ಸದ್ದು ಬಂತು. ಕನ್ನಡದ ಒಂದಕ್ಷರವೂ ಬಾರದ ಅಜ್ಜನದು.

ಆಟ ಮುಗಿದ ಮೇಲೆ ಹಾಲ್‌ನ ಅಡುಗೆಕೋಣೆಯಲ್ಲಿ ಗೋಳಿಬಜೆ ತಟ್ಟೆಗಳ ನಡುವೆ ಅಂಕಲ್ ಸಿಕ್ಕಿದರು. ಪೇಪರ್ ಕಪ್ಪಿನಲ್ಲಿ ನೀರು, ಅಂಗೈಯಲ್ಲಿ ಒಂದು ತುಂಡು ಬೆಲ್ಲ ನನ್ನ ಮುಂದೆ ಹಿಡಿದರು.

"ತಾಳಮದ್ದಳೆಯಲ್ಲಿ ಕುರ್ಚಿಯಿಂದ ಇಳೀಲಿಕ್ಕಿಲ್ಲ. ಅಷ್ಟೂ ಗೊತ್ತಿಲ್ವಾ?"

"ಗೊತ್ತುಂಟು ಅಂಕಲ್."

ನನ್ನ ಬಾಯಲ್ಲಿ ಬೆಲ್ಲ ಕರಗುವವರೆಗೆ ಕಾದು ಅವರೆಂದರು, "ಈಗ ನನ್ನದು ಮಾಡು, ನೋಡುವ."

"ಬೇಡ ಅಂಕಲ್."

"ಮಾಡು ಮಾರಾಯ."

ಕೆಮ್ಮಿದೆ. ಇಲ್ಲದ ಶಾಲನ್ನು ಎಡಹೆಗಲಿಗೆ ಎಳೆದುಕೊಂಡೆ. "ಹಾಗೋ?" ಎಂದೆ. ಸುಮ್ಮನಾದೆ. ಮುಂದೇನು ಮಾಡುವುದೆಂದು ತಿಳಿಯದೆ ಬಾಯಿ ತೆರೆದೆ.

"ಶ್," ಅಂಕಲ್ ಬೆರಳೆತ್ತಿದರು. "ಅಷ್ಟು ಬೇಗ ಅಲ್ಲ. ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು."

ನಿಂತೆ. ಅವರೂ ನಿಂತರು.