ಯೂರಿಯಾ ಹೋದ ದಾರಿ

ಕದರಮಂಡಲಗಿಯ ರೋಷನಬಿ ಮಂದಿಯ ಹೊಲದ ಕಸ ಕೀಳುತ್ತಲೇ ಮೂವತ್ತು ಮುಂಗಾರು ಕಳೆದಿದ್ದಾಳೆ. ಕುರ್ಪಿ ಹಿಡಿದು ಹಿಡಿದು ಮಡಚಿದ ಬೆರಳುಗಳು ಈಗ ರೊಟ್ಟಿ ಬಡಿಯುವಾಗಲೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಹೊಲದ ಮಾಲಕ ಪ್ರಭುಲಿಂಗಪ್ಪನಿಗೆ ಈ ಸಲವೂ ಆಕೆ ಹೇಳಿದ್ದಳು: "ಮೊದಲ ಕಸ ತೆಗಸ್ರಿ ಸಾವಕಾರ್ರ, ಆಮ್ಯಾಲ ಗೊಬ್ಬರ ಹಾಕ್ರಿ."

ಮಳೆ ಬಿತ್ತೆಂದು ಆತ ಅವಸರದಲ್ಲಿ ಯೂರಿಯಾ ಚೆಲ್ಲಿಬಿಟ್ಟ. ಗೋವಿನಜೋಳಕ್ಕೆಂದು ಹಾಕಿದ್ದನ್ನು ಕಸ ಉಂಡಿತು. ಹದಿನೈದು ದಿನಕ್ಕೆ ಅದು ಮೊಣಕಾಲುದ್ದ ಕಪ್ಪಗೆ ಬೆಳೆದು ನಿಂತಿತ್ತು. ನಡುವೆ ಜೋಳ ಕಾಮಾಲೆಯಾದ ಕೂಸಿನಂತೆ ಹಳದಿಗಟ್ಟಿತ್ತು.

ಆಗ ಆಕೆಗೆ ಕರೆ ಬಂತು. ದಿನವಿಡೀ ಬಗ್ಗಿ ಕಿತ್ತಳು. ಸಂಜೆ, ಯಾವಾಗಿನಂತೆ, ಕಿತ್ತ ಹುಲ್ಲನ್ನು ತನ್ನ ಎಮ್ಮೆಗೆಂದು ಹೊರೆ ಕಟ್ಟಿ ತಲೆಗೇರಿಸಿಕೊಂಡಳು. ಬದುವಿನ ಮೇಲೆ ನಿಂತಿದ್ದ ಪ್ರಭುಲಿಂಗಪ್ಪನಿಗೆ ಹೊಟ್ಟೆ ಉರಿಯಿತು.

"ನನ್ನ ಗೊಬ್ಬರೆಲ್ಲಾ ನಿನ್ನ ಎಮ್ಮೀಗೆ ಹೊಂಟೈತಿ ನೋಡು, ರೋಷನಬಿ."

ಆತನ ಮನೆಗೆ ದಿನಾ ಹಾಲು ಹಾಕುವವಳೂ ಆಕೆಯೇ. ಹೊರೆಯಡಿ ಕತ್ತು ಹೊರಳದ್ದರಿಂದ ಮುಂದೆ ನೋಡುತ್ತಲೇ ಅಂದಳು:

"ಎಲ್ಲಿಗೂ ಹೋಗಂಗಿಲ್ರಿ. ನಾಳೆ ಮುಂಜಾನಿ ನಿಮ್ಮ ಚಹಾದಾಗ ಬರತೈತಿ. ಹೋಗೂ ಮುಂದ ಹೊರಾಕಿನೂ ನಾನ, ಬರೂ ಮುಂದ ಹೊರಾಕಿನೂ ನಾನ."